ಹಿತ್ತಲ ದ್ರಾಕ್ಷಿ ವೈನಲ್ಲ

ನಗರದ ಗೆಳೆಯರ ಕೂಟಗಳಲ್ಲಿ ಈಗೊಂದು ಆಟ ಚಾಲ್ತಿಯಲ್ಲಿದೆ. ಐದಾರು ವೈನ್ ಬಾಟಲಿಗಳಿಗೆ ಕಾಗದ ಸುತ್ತಿ, ಮೇಲೆ ಒಂದು, ಎರಡು, ಮೂರು ಎಂದು ಬರೆದು, ಎಲ್ಲರ ಗ್ಲಾಸಿಗೂ ಒಂದೊಂದು ಗುಟುಕು ಸುರಿಯುತ್ತಾರೆ. ಮೂಗಿಗೆ ಹಿಡಿದು, ನಾಲಿಗೆಯ ಮೇಲೆ ಹೊರಳಾಡಿಸಿ ಪ್ರತಿಯೊಬ್ಬರೂ ಅಂಕ ಹಾಕುತ್ತಾರೆ. ಕೊನೆಗೆ ಮುಸುಕು ತೆಗೆದರೆ ಎಷ್ಟೋ ಸಲ ಅಗ್ಗದ್ದು ಗೆದ್ದಿರುತ್ತದೆ, ದುಬಾರಿಯದು ಸೋತಿರುತ್ತದೆ. ಎಲ್ಲರೂ ನಗುತ್ತಾರೆ. ಮರುವಾರ ಅದೇ ಜನ ಅಂಗಡಿಗೆ ಹೋಗಿ ಮತ್ತೆ ಲೇಬಲ್ ನೋಡಿಯೇ ಕೊಳ್ಳುತ್ತಾರೆ. ಅವರ ದುಡ್ಡು, ಅವರ ಖುಷಿ. ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಇಂಥ ಕೂಟಗಳಲ್ಲಿ ಸಲೀಸಾಗಿ ಹೊರಬೀಳುವ ಇನ್ನೊಂದು ಮಾತಿಗೆ: ‘ವಿಜಯಪುರದ ಕಡೆಯ ದ್ರಾಕ್ಷಿಯಲ್ಲಿ ಎಂಥ ವೈನ್ ಮಾಡುತ್ತಾರೆ, ಬಿಡಿ.’ ಕುಡಿದು ನೋಡಿ ಆಡಿದ ಮಾತಲ್ಲ ಇದು. ಊರಿನ ಹೆಸರು ಕೇಳಿಯೇ ಕೊಟ್ಟ ತೀರ್ಪು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ನಕ್ಕು ಮರೆಯುತ್ತೇವೆ. ಆ ಜಿಲ್ಲೆಯ ಇಂಡಿ, ಬಸವನ ಬಾಗೇವಾಡಿಯ ದ್ರಾಕ್ಷಿ ಬೆಳೆಗಾರನಿಗೆ ಅದು ಪ್ರತಿ ಹಂಗಾಮಿನಲ್ಲೂ ಕಟ್ಟಬೇಕಾದ ದಂಡ.

ಹೆಸರು ಕೇಳಿ ಕೊಟ್ಟ ತೀರ್ಪಿಗೆ ಎಷ್ಟು ಬೆಲೆ ಎಂಬುದನ್ನು 1976ರ ಮೇ 24ರಂದು ಪ್ಯಾರಿಸ್ಸಿನ ಹೋಟೆಲೊಂದರಲ್ಲಿ ಜಗತ್ತು ಕಂಡಿತು. ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವೈನ್ ವ್ಯಾಪಾರಿ ಫ್ರಾನ್ಸಿನ ಹೆಸರಾಂತ ವೈನುಗಳ ಜೊತೆ, ಆಗ ಯಾರೂ ಲೆಕ್ಕಕ್ಕೇ ಇಡದಿದ್ದ ಕ್ಯಾಲಿಫೋರ್ನಿಯಾದ ವೈನುಗಳನ್ನು ಹೆಸರು ಮರೆಮಾಡಿ ಫ್ರೆಂಚ್ ಪರಿಣತರ ಮುಂದಿಟ್ಟ. ಕೆಂಪಿನಲ್ಲೂ ಬಿಳಿಯಲ್ಲೂ ಗೆದ್ದದ್ದು ಕ್ಯಾಲಿಫೋರ್ನಿಯಾ. ಫಲಿತಾಂಶ ಗೊತ್ತಾದ ಮೇಲೆ ಒಡೆತ್ ಕಾನ್ ಎಂಬ ತೀರ್ಪುಗಾರ್ತಿ ತನ್ನ ಅಂಕಪಟ್ಟಿಯನ್ನು ವಾಪಸ್ ಕೇಳಿದಳಂತೆ. ನಾಲಿಗೆ ಕೊಟ್ಟ ಅಂಕವನ್ನು ಹೆಸರು ಬಂದು ಹಿಂದಕ್ಕೆ ಕೇಳಿತು ಎನ್ನಬೇಕು. ಕ್ಯಾಲಿಫೋರ್ನಿಯಾದ ವೈನುಗಳು ಬಾಳಿಕೆ ಬರುವುದಿಲ್ಲ, ಫ್ರಾನ್ಸಿನವು ಹಳೆಯವಾದಷ್ಟೂ ಮಾಗುತ್ತವೆ ಎಂದು ಸಮಾಧಾನ ಹೇಳಿಕೊಂಡವರೂ ಇದ್ದರು. ಮೂವತ್ತು ವರ್ಷ ಕಳೆದು 2006ರಲ್ಲಿ ಅವೇ ಕೆಂಪು ವೈನುಗಳನ್ನು ಮತ್ತೆ ಮುಸುಕು ಹಾಕಿ ಸವಿದಾಗ ಮೊದಲ ಐದೂ ಸ್ಥಾನ ಕ್ಯಾಲಿಫೋರ್ನಿಯಾದ ಪಾಲಾದವು. ಬೋರ್ಡೊದಲ್ಲಿ ಫ್ರೆಡರಿಕ್ ಬ್ರೋಶೆ ಎಂಬ ಸಂಶೋಧಕ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೇ ರುಚಿಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರೆ, ಅವರು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಅದನ್ನು ಬಣ್ಣಿಸಿದರು. ಕ್ಯಾಲಿಫೋರ್ನಿಯಾದ ದೊಡ್ಡ ಸ್ಪರ್ಧೆಯೊಂದರ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನು ಗೊತ್ತಾಗದಂತೆ ಮೂರು ಸಲ ಕೊಟ್ಟು ನೋಡಿದ ರಾಬರ್ಟ್ ಹಾಡ್ಜ್‌ಸನ್ 2008ರಲ್ಲಿ ಬರೆದ ಪ್ರಕಾರ, ಮೂರೂ ಸಲ ಹತ್ತಿರಹತ್ತಿರ ಅಂಕ ಕೊಟ್ಟವರು ನೂರಕ್ಕೆ ಸುಮಾರು ಹತ್ತು ಮಂದಿ. ಪರಿಣತರ ಪಾಡೇ ಇದಾದರೆ, ವಾರಾಂತ್ಯಕ್ಕೊಮ್ಮೆ ಗ್ಲಾಸು ಹಿಡಿಯುವವರು ಒಂದಿಡೀ ಜಿಲ್ಲೆಯ ದ್ರಾಕ್ಷಿಯನ್ನು ಒಂದು ಮಾತಿನಲ್ಲಿ ತಳ್ಳಿಹಾಕುವ ಧೈರ್ಯ ಎಲ್ಲಿಂದ ಬಂತು?

ವಿಜಯಪುರದಲ್ಲಿ ಬೆಳೆಯುವುದು ಬಹುಪಾಲು ಥಾಮ್ಸನ್ ಬೀಜರಹಿತ ಮತ್ತು ಅದರ ಬಳಗದ ತಳಿಗಳು, ಅವು ತಿನ್ನಲಿಕ್ಕೆ ಮತ್ತು ಒಣಗಿಸಲಿಕ್ಕೆ, ವೈನಿನ ತಳಿಗಳೇ ಬೇರೆ ಎಂದು ತಿಳಿದವರು ಹೇಳುತ್ತಾರೆ. ನಿಜ. ಆ ವ್ಯತ್ಯಾಸ ಇರುವುದಾದರೆ ನಾಲಿಗೆಯೇ ಅದನ್ನು ಹಿಡಿಯಲಿ. ಹಿಡಿಯುವ ಮೊದಲೇ ಊರಿನ ಹೆಸರು ಹಿಡಿದು ತೀರ್ಪು ಕೊಡುವುದೇಕೆ? ಹೇಗೂ ನಮ್ಮ ಕಡೆಯ ಬೆಳೆಗಾರನ ಹಣೆಬರಹ ತೀರ್ಮಾನವಾಗುವುದು ವೈನಿನಲ್ಲಲ್ಲ, ಒಣದ್ರಾಕ್ಷಿಯಲ್ಲಿ. ಅಲ್ಲಿ ಕಣ್ಣಿನ ದರ್ಬಾರು ಇನ್ನೂ ಜೋರು. ಅಕ್ಟೋಬರಿನಲ್ಲಿ ಬಳ್ಳಿ ಸವರುವ ಚಾಟ್ನಿ, ಬೇಸಿಗೆಯ ಮುಂಚಿನ ಕಟಾವು, ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಗೊನೆ ಅದ್ದುವುದು, ಶೆಡ್ಡಿನ ನೆರಳಲ್ಲಿ ಬಲೆಯ ಮೇಲೆ ಹರಡಿ ದಿನಗಟ್ಟಲೆ ಕಾಯುವುದು. ಇಷ್ಟಾದ ಮೇಲೆ ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಒಣದ್ರಾಕ್ಷಿ ಕೈಗೆ ಬರುತ್ತದೆ. ಆ ಹೊತ್ತಿಗೆ ಅಕಾಲಿಕ ಮಳೆ ಬಿದ್ದು ಹವೆಯಲ್ಲಿ ತೇವ ಏರಿತೆನ್ನಿ, ಕಾಳು ಕಂದಾಗುತ್ತದೆ. ಬೂಸ್ಟು ಹಿಡಿದ ಮಾಲು ಕೆಟ್ಟದ್ದೇ, ಅದಕ್ಕೆ ಯಾರೂ ವಕಾಲತ್ತು ಮಾಡುವುದಿಲ್ಲ. ಆದರೆ ಬರೀ ಬಣ್ಣ ತಿರುಗಿದ ಮಾಲಿಗೂ ದರ ಕುಸಿಯುತ್ತದೆ. ತಾಸಗಾಂವ, ಸಾಂಗ್ಲಿಯ ಸವಾಲಿನಲ್ಲಿ ಮುಷ್ಟಿ ತುಂಬ ತೆಗೆದು ಬೆಳಕಿಗೆ ಹಿಡಿದು ನೋಡುತ್ತಾರೆ. ಹಸಿರು, ಹಳದಿ ಹೊಳೆದರೆ ಒಂದು ದರ, ಕಂದಾದರೆ ಇನ್ನೊಂದು. ಬಣ್ಣ ಉಳಿಸಲು ಗಂಧಕದ ಹೊಗೆ ಕೊಡುವ ರೂಢಿ ಬೆಳೆದದ್ದೂ ಈ ಕಣ್ಣಿನ ಹಸಿವಿಗಾಗಿಯೇ.

ಇಷ್ಟೆಲ್ಲ ಆಗಿ ಆ ಹಳದಿ ಕಾಳು ಹೋಗಿ ಬೀಳುವುದೆಲ್ಲಿ? ಪಾಯಸದ ತುಪ್ಪದ ಬಾಣಲೆಗೆ. ಅಲ್ಲಿ ಅದು ಉಬ್ಬಿ, ಕೆಂಪಾಗಿ, ಯಾವ ಬಣ್ಣದ್ದೆಂದು ಹೆತ್ತವ್ವನೂ ಗುರುತಿಸದ ಹಾಗೆ ಆಗುತ್ತದೆ. ಎರಡು ನಿಮಿಷದಲ್ಲಿ ಸುಟ್ಟುಹೋಗುವ ಬಣ್ಣಕ್ಕಾಗಿ ಗಿರಾಕಿ ಹೆಚ್ಚು ಹಣ ಕೊಡುತ್ತಾನೆ, ಬಣ್ಣ ತಪ್ಪಿದ್ದಕ್ಕೆ ಬೆಳೆಗಾರ ಸಾಲ ಹೊರುತ್ತಾನೆ. ಮುಸುಕಿನ ಆಟವಾಡಿ ನಗುವ ಜಾಣರೇ ಕಿರಾಣಿ ಅಂಗಡಿಯಲ್ಲಿ ‘ಹಳದಿಯದು ಕೊಡಿ, ಈ ಕಂದುಬಣ್ಣದ್ದು ಬೇಡ’ ಎನ್ನುವವರು ಎಂಬುದೇ ನನ್ನ ಸಿಟ್ಟಿಗೆ ಕಾರಣ.

ಹೆಸರನ್ನು ಹೀಗೆ ಹಗುರ ಮಾಡಬೇಡಿ, ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಕ ಸಿಕ್ಕಿದ್ದರಿಂದಲ್ಲವೇ ಅದು 2025ರಲ್ಲಿ ದುಬೈ ಕಡೆಯ ಪೇಟೆಗೆ ಹೊರಟದ್ದು ಎಂದು ಕೇಳಬಹುದು. ಒಪ್ಪುತ್ತೇನೆ. ಪ್ರತಿ ಹಣ್ಣನ್ನೂ ಹಿಂಡಿ ನೋಡಿ ಕೊಳ್ಳಲು ಯಾರಿಗೂ ಪುರುಸೊತ್ತಿಲ್ಲ. ಹೆಸರು ಗಿರಾಕಿಯ ಸಮಯ ಉಳಿಸುತ್ತದೆ, ಮೋಸ ತಡೆಯುತ್ತದೆ. ಆದರೆ ಹೆಸರು ಪರೀಕ್ಷೆ ಪಾಸಾಗಿ ಬರಬೇಕು, ಪರೀಕ್ಷೆಯ ಕುರ್ಚಿಯಲ್ಲಿ ತಾನೇ ಕೂರಬಾರದು. ಕಲಬುರಗಿ ತೊಗರಿಗೆ ಸೂಚಕ ಇದೆ; ಜಿಲ್ಲೆಯ ಗಡಿ ದಾಟಿದರೆ ಸಿಂದಗಿ, ಅಲ್ಲೂ ಕರಿಮಣ್ಣು, ಅಲ್ಲೂ ತೊಗರಿ. ಮುದ್ದೇಬಿಹಾಳದಲ್ಲೂ ತೊಗರಿ. ಎಲ್ಲವನ್ನೂ ಬೇಯಿಸಿ, ಕಣ್ಣು ಕಟ್ಟಿ ಉಣಿಸಿದರೆ ಯಾವುದು ಯಾವ ಹೊಲದ್ದೆಂದು ಹೇಳುವವರಿದ್ದಾರೆಯೇ? ಇದ್ದರೆ ಆ ಹೆಸರಿಗೆ ನನ್ನ ನಮಸ್ಕಾರ. ಇಲ್ಲದಿದ್ದರೆ ಸಿಂದಗಿ, ಮುದ್ದೇಬಿಹಾಳದ ರೈತರ ಕಾಳಿಗೆ ಹೆಸರಿಲ್ಲವೆಂಬ ಕಾರಣಕ್ಕೆ ದರ ಕಡಿಯಬೇಡಿ.

ಇನ್ನೊಂದು ಆಕ್ಷೇಪ ಗಂಭೀರವಾದದ್ದು: ಶರಣರ ನಾಡಿನಲ್ಲಿ ಹೆಂಡದ ಮಾತೇಕೆ? ಕುಡಿತ ಎಷ್ಟು ಮನೆ ಮುರಿದಿದೆ ಎಂಬುದಕ್ಕೆ ಇಂಡಿ, ಬಾಗೇವಾಡಿ, ಸಿಂದಗಿ, ಮುದ್ದೇಬಿಹಾಳ ಈ ನಾಲ್ಕೂ ತಾಲ್ಲೂಕಿನ ಹೆಣ್ಣುಮಕ್ಕಳು ಸಾಕ್ಷಿ ಹೇಳುತ್ತಾರೆ. ವೈನಿನ ಪರ ಪ್ರಚಾರ ಮಾಡುವ ಉಮೇದು ನನಗಿಲ್ಲ. ಆದರೂ ಸರ್ಕಾರವೇ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು, ಕೃಷ್ಣಾ ಕಣಿವೆಯ ಹೆಸರು ಹೇಳಿ ರೈತರಲ್ಲಿ ಆಸೆ ಹುಟ್ಟಿಸಿದೆ. ತೊರವಿಯ ವೈನ್ ಪಾರ್ಕಿನ ಮಾತನ್ನು ಜನ ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಆಸೆ ಹುಟ್ಟಿಸಿದವರು ಮಾಲಿಗೆ ನ್ಯಾಯವಾದ ತೂಕವನ್ನೂ ಕೊಡಿಸಬೇಕು. ಶರಣರ ಮಾತು ತೆಗೆದದ್ದೇ ಆದರೆ, ಬಂದವನ ಕುಲಗೋತ್ರ ಕೇಳದೆ ನಮ್ಮವನೆಂದು ಬರಮಾಡಿಕೊಳ್ಳಲು ಕಲಿಸಿದವನು ಬಾಗೇವಾಡಿಯ ಬಸವಣ್ಣನೇ. ಮನುಷ್ಯನಿಗೆ ಹೇಳಿದ್ದನ್ನು ದ್ರಾಕ್ಷಿಗೆ ಅನ್ವಯಿಸುವುದು ಅತಿಯಾಯಿತು ಎನ್ನುವಿರಾ? ದ್ರಾಕ್ಷಿಯ ಹಿಂದೆಯೂ ಮನುಷ್ಯನೇ ನಿಂತಿದ್ದಾನೆ, ಅವನ ಊರು ಕೇಳಿಯೇ ದರ ಕಟ್ಟುತ್ತಿದ್ದೇವೆ.

ಆದ್ದರಿಂದ ಈ ಆಟವನ್ನು ಗೆಳೆಯರ ಮೇಜಿನಿಂದ ಎಪಿಎಂಸಿ ಅಂಗಳಕ್ಕೆ ತನ್ನಿ. ಒಣದ್ರಾಕ್ಷಿಗೆ ದರ ಕಟ್ಟುವ ಮುಂಚೆ ಖರೀದಿದಾರರು ತೇವಾಂಶ, ಸಿಹಿ, ಗಂಧಕದ ಅಂಶ ಅಳೆದು, ಮಾಲಕನ ಹೆಸರೂ ಊರೂ ಮುಚ್ಚಿ ತಿಂದು ನೋಡಲಿ. ಬಣ್ಣ ಆಮೇಲೆ ನೋಡಲಿ. ವೈನ್ ಮಂಡಳಿ ತನ್ನ ಮೇಳಗಳಲ್ಲಿ ಕೃಷ್ಣಾ ಕಣಿವೆಯದನ್ನೂ ಹೊರಗಿನದನ್ನೂ ಮುಸುಕು ಹಾಕಿ ಸಾಲಾಗಿ ಇಡಲಿ, ಫಲಿತಾಂಶವನ್ನು ಸೋತರೂ ಗೆದ್ದರೂ ಪ್ರಕಟಿಸಲಿ. ನಮ್ಮದು ಸೋತರೆ ತಳಿ ಬದಲಿಸಬೇಕೋ ಕೈ ಪಳಗಬೇಕೋ ರೈತನಿಗೆ ಗೊತ್ತಾಗುತ್ತದೆ. ಸೋಲಿಗೆ ಅವನು ಹೆದರುವವನಲ್ಲ, ಮಳೆಯ ಮುಂದೆ ವರ್ಷವೂ ಸೋತವನು. ಅವನಿಗೆ ಅರ್ಥವಾಗದೆ ಉಳಿದಿರುವುದು, ರುಚಿಯನ್ನೇ ನೋಡದವರು ತನ್ನ ಮಾಲಿಗೆ ಯಾವ ಲೆಕ್ಕದಲ್ಲಿ ಅಂಕ ಹಾಕಿದರು ಎಂಬುದು. ಅದಕ್ಕೆ ಉತ್ತರ ನಗರದ ಗೆಳೆಯರೇ ಕೊಡಬೇಕು.