ನಮ್ಮೂರು ಒಳಗೋ, ಹೊರಗೋ?

2024ರ ಆಗಸ್ಟ್. ಬೆಂಗಳೂರಲ್ಲಿ ರಾತ್ರಿ ಊಟ ಮುಗಿಸಿ ಕೂತಿದ್ದೆ, ಅಪ್ಪಯ್ಯನ ಫೋನು. "ಎಂತ ಮಾರಾಯ, ಕಸ್ತೂರಿರಂಗನ್ ಲಿಸ್ಟ್ ಮತ್ತೆ ಬಂದಿದ್ಯಂತಲ್ಲ. ನಮ್ಮೂರು ಉಂಟಾ ಇಲ್ವಾ, ನೋಡಿ ಹೇಳು."

ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೇ ಕರಡು ಅಧಿಸೂಚನೆ ಜುಲೈ 31ಕ್ಕೆ ಹೊರಬಿದ್ದಿತ್ತು. ಕರ್ನಾಟಕದ ಪಾಲು 20,668 ಚದರ ಕಿ.ಮೀ., ಆಕ್ಷೇಪಣೆಗೆ 60 ದಿನ. ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಅಡಿಕೆ ತೋಟದವರಿಗೆ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗದ ಜೊತೆಗೆ ಇದೊಂದು ತಲೆಬಿಸಿ.

ಪಿಡಿಎಫ್ ತೆಗೆದು ಹೆಸರು ಹುಡುಕಿದ್ರೆ ಆಯ್ತಲ್ಲ ಅಂತೀರಾ? ಅದರಲ್ಲಿ ಹೆಸರುಗಳೆಲ್ಲ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ. ನಮ್ಮೂರ ಹೆಸರನ್ನೇ ಹೊತ್ತ ಇನ್ನೊಂದು ಊರು ಪಕ್ಕದ ತಾಲ್ಲೂಕಲ್ಲೂ ಇದೆ. ಹೆಸರಿಗಿಂತ ನಕ್ಷೆಯನ್ನೇ ನಂಬೋಣ ಅಂದುಕೊಂಡೆ. ಮೂರು ತಾಲ್ಲೂಕಿನ ಊರುಗಳನ್ನು ನಕ್ಷೆಯಿಂದ ಆರಿಸಿ, ಕರಡಿನ ಪಟ್ಟಿಯ ಜೊತೆ ತಾಳೆ ನೋಡೋದು ನನ್ನ ಪ್ಲಾನು.

ವೆಬ್ ನಕ್ಷೆಗಳಲ್ಲಿ ಫೀಚರ್ ಸರ್ವಿಸ್ ಅಂತ ಒಂದಿದೆ. ಅದು ಬರೀ ಚಿತ್ರ ಕೊಡಲ್ಲ; ಪ್ರತಿ ಊರಿನ ಗಡಿಯನ್ನು ಹೆಸರು, ಕೋಡ್ ಸಮೇತ ಕೊಡುತ್ತೆ. ಇಡೀ ರಾಜ್ಯದ್ದನ್ನು ಇಳಿಸಿಕೊಳ್ಳೋದೂ ಬೇಡ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿಯಿಂದ ಒಂದು ಆಕಾರ ಕಳಿಸಿ, 'ಇದರ ಜೊತೆ ಇಂಥ ಸಂಬಂಧ ಇರುವ ಊರು ಮಾತ್ರ ಕೊಡು' ಅಂದರೆ ಸರ್ವರ್ರೇ ಸೋಸಿ ಕೊಡುತ್ತೆ. ಇದೇ ಸ್ಪೇಷಿಯಲ್ ಫಿಲ್ಟರ್.

ಮೊದಲ ಸಲ ಉತ್ತರ ಸೊನ್ನೆ. ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ ಅಂತ ಶಾಲೆಯಲ್ಲಿ ಕಲಿತ ಅಭ್ಯಾಸ. ಸರ್ವರ್‌ಗೆ ರೇಖಾಂಶವೇ ಮೊದಲು ಬೇಕು. ನಾನು ಬರೆದ ಲೆಕ್ಕದಲ್ಲಿ ಕೊಪ್ಪ ನಾರ್ವೆಯ ಉತ್ತರಕ್ಕೆ ಸಮುದ್ರದಲ್ಲಿ ತೇಲುತ್ತಿತ್ತು! ಸರಿಮಾಡಿ, ಮೂರು ತಾಲ್ಲೂಕು ಸೇರಿಸಿ ಒಂದು ಆಯತ ಕಳಿಸಿದೆ. ತೀರ್ಥಹಳ್ಳಿ ಕಡೆಯವು, ಘಟ್ಟದ ಕೆಳಗಿನ ಕಾರ್ಕಳದವು ಎಲ್ಲ ಮೆರವಣಿಗೆಯಲ್ಲಿ ಬಂದವು. ತಾಲ್ಲೂಕಿನ ಗಡಿ ಆಯತದ ಹಾಗೆ ಇರೋಲ್ವಲ್ಲ.

ಆಮೇಲೆ ಬೇರೆ ಕಡೆಯಿಂದ ತಾಲ್ಲೂಕು ಗಡಿಗಳನ್ನೇ ತಂದು, ಸಂಬಂಧದ ಜಾಗದಲ್ಲಿ 'ವಿದಿನ್' ಅಂತ ಕೊಟ್ಟೆ. ಅಂದರೆ ಪೂರ್ತಿ ಒಳಗಿರೋದು ಮಾತ್ರ. ಚೊಕ್ಕ ಪಟ್ಟಿ ಬಂತು. ಕರಡಿನ ಜೊತೆ ತಾಳೆ ನೋಡಿದೆ. ನಮ್ಮೂರಿಲ್ಲ. "ಇಲ್ಲ ಅಪ್ಪಯ್ಯ, ಆರಾಮಾಗಿರಿ" ಅಂದೆ. ಅವರು ಮರುದಿನ ಸೊಸೈಟಿಯಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ಬಂದರು. ಮಗ ಕಂಪ್ಯೂಟರಲ್ಲಿ ನೋಡಿದ್ದಾನೆ ಅಂತ.

ನಾಲ್ಕು ದಿನ ಬಿಟ್ಟು ಪಕ್ಕದ ಮನೆಯವರು ಪಿಡಿಎಫ್‌ನ ಪ್ರಿಂಟ್ ಹಿಡಿದು ಬಂದರು. ಕೊಪ್ಪ ತಾಲ್ಲೂಕಿನ ಪಟ್ಟಿಯಲ್ಲಿ ನಮ್ಮೂರು ಇತ್ತು.

ತಪ್ಪು ಸಿಕ್ಕಿದ್ದು ನಡುರಾತ್ರಿ. ನಮ್ಮೂರು ತಾಲ್ಲೂಕಿನ ಅಂಚಲ್ಲಿದೆ. ಊರಿನ ಗಡಿ, ತಾಲ್ಲೂಕಿನ ಗಡಿ ಎರಡನ್ನೂ ಬೇರೆ ಬೇರೆ ಕಡೆ ಎಳೆದಿದ್ದಾರೆ. ಕೆಲವೇ ಮೀಟರ್ ಊರು ತಾಲ್ಲೂಕಿನ ಗೆರೆಯಿಂದಾಚೆ ಇಣುಕುತ್ತಿತ್ತು. 'ವಿದಿನ್' ಪ್ರಕಾರ ಅಷ್ಟಕ್ಕೇ ಹೊರಗೆ. ಅಂಚಿನ ಇನ್ನೂ ಎಷ್ಟೋ ಊರು ಹಾಗೇ ಬಿದ್ದುಹೋಗಿದ್ದವು. 'ಇಂಟರ್ಸೆಕ್ಟ್ಸ್' ಅಂದರೆ ತಾಗುವ ಪಕ್ಕದ ತಾಲ್ಲೂಕಿನವೂ ಬರುತ್ತವೆ, ಆದರೆ ಯಾವುದೂ ತಪ್ಪಿಹೋಗಲ್ಲ. ಹಾಗೆ ತರಿಸಿಕೊಂಡು, ಜಿಯೋಪಾಂಡಾಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ತಾಲ್ಲೂಕಿನೊಳಗಿರುವ ಊರು ಮಾತ್ರ ಉಳಿಸಿಕೊಂಡೆ. (ನೀವು ಮಾಡೋದಾದರೆ ಇನ್ನೊಂದು: ಸರ್ವರ್ ಒಂದು ಸಲಕ್ಕೆ ಇಷ್ಟೇ ಸಾಲು ಅಂತ ಮಿತಿ ಇಟ್ಟಿರುತ್ತೆ. ಸರಿಯಾಗಿ 1000 ಅಥವಾ 2000 ಬಂದರೆ ಅನುಮಾನ ಪಡಿ, ಉಳಿದದ್ದನ್ನು ಮತ್ತೆ ಕೇಳಿ.) ವಿಸ್ತೀರ್ಣ ಅಳೆಯೋ ಮೊದಲು ಯುಟಿಎಂ 43ನೇ ವಲಯಕ್ಕೆ ಬದಲಾಯಿಸಿ. ವೆಬ್ ಮರ್ಕೇಟರ್‌ನಲ್ಲೇ ಅಳೆದಾಗ ನಮ್ಮ 4 ಎಕರೆ ತೋಟ 4 ಎಕರೆ 9 ಗುಂಟೆ ಆಗಿತ್ತು. ಅಪ್ಪಯ್ಯನಿಗೆ ಆ ಲೆಕ್ಕವೇ ಇಷ್ಟ.

ಫೋನ್ ಮಾಡಿ ತಪ್ಪೊಪ್ಪಿಕೊಂಡೆ. ಬೈಯಲಿಲ್ಲ. "ಹಾಗಾದ್ರೆ ಅವ್ರು ಹೇಗೆ ಸೋಸಿದ್ದು?" ಅಂತ ಕೇಳಿದರು.

ಸರಿಯಾದ ಪ್ರಶ್ನೆ. 2011ರಲ್ಲಿ ಗಾಡ್ಗೀಳ್ ಸಮಿತಿ ಘಟ್ಟವನ್ನು ಸುಮಾರು 9 ಕಿ.ಮೀ. ಚೌಕಗಳಾಗಿ ಹಂಚಿ, ತಾಲ್ಲೂಕು ಮಟ್ಟದಲ್ಲಿ ವಲಯ ಗುರುತಿಸಿತ್ತು. 2013ರ ಕಸ್ತೂರಿರಂಗನ್ ವರದಿ ಊರನ್ನೇ ಘಟಕ ಮಾಡಿತು: ಊರಿನ ಶೇ. 20 ಅಥವಾ ಹೆಚ್ಚು ಭಾಗ ಸೂಕ್ಷ್ಮ ಅಂತ ಕಂಡರೆ ಇಡೀ ಊರು ಒಳಗೆ. ನನ್ನದು ಅರ್ಧ, ಅವರದು ಐದನೇ ಒಂದು. ನಕ್ಷೆ ಅದೇ ಇದ್ದರೂ ಈ ಒಂದು ಅಂಕಿ ಬದಲಿಸಿದರೆ ಪಟ್ಟಿಯೇ ಬೇರೆಯಾಗುತ್ತೆ. ಪಟ್ಟಿಗೆ ಸೇರಿದರೆ ತೋಟ ಮಾಡಬಾರದು ಅಂತಲ್ಲ. ಗಣಿ, ಕಲ್ಲುಕ್ವಾರಿ, ಮರಳುಗಾರಿಕೆ, ಕೆಂಪು ವರ್ಗದ ಕೈಗಾರಿಕೆಗಳಿಗೆ ತಡೆ. ಇದನ್ನೂ ಹೇಳಿದೆ. ಅವರಿಗೆ ಅರ್ಧ ಸಮಾಧಾನ.

"ಆ ಉಪಗ್ರಹಕ್ಕೆ ನಮ್ಮ ತೋಟ ಕಾಡಿನ ಹಾಗೆ ಕಂಡಿದ್ರೆ?"

ಆ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 24 ಮೀಟರ್ ಅಗಲ. ನಮ್ಮ 4 ಎಕರೆಗೆ 28 ಚುಕ್ಕಿ. ಅಷ್ಟರಲ್ಲಿ ಅಡಿಕೆ, ಮೆಣಸಿನ ಬಳ್ಳಿ, ಅಂಚಿನ ಹಲಸು, ಮೇಲಿನ ಸೊಪ್ಪಿನ ಬೆಟ್ಟ. ನನ್ನ ಹತ್ತಿರ ಉತ್ತರ ಇರಲಿಲ್ಲ. 28 ಚೌಕ ಎಳೆದ ನಕ್ಷೆಯೊಂದನ್ನು ಪ್ರಿಂಟ್ ಹಾಕಿ ಕಳಿಸಿದೆ. ಅವರು ಒಂದೊಂದು ಚೌಕದಲ್ಲೂ ಏನಿದೆ ಅಂತ ಬಾಲ್‌ಪೆನ್ನಲ್ಲಿ ಬರೆದು ಆಕ್ಷೇಪಣೆಯ ಜೊತೆ ಲಗತ್ತಿಸಿದರು.

ಸೆಪ್ಟೆಂಬರ್ 26ಕ್ಕೆ ರಾಜ್ಯ ಸಂಪುಟ ವರದಿ ಬೇಡ ಅಂತ ತೀರ್ಮಾನಿಸಿತು. ಅಂತಿಮ ಅಧಿಸೂಚನೆ ಹೊರಡಿಸೋದು ಮಾತ್ರ ಕೇಂದ್ರ. ಆ ನಕ್ಷೆಯ ಜೆರಾಕ್ಸ್ ಇನ್ನೂ ನಮ್ಮನೆ ಪಹಣಿಗಳ ಕಟ್ಟಿನಲ್ಲೇ ಇದೆ.