ಬರೆಸುವುದೇ ಪಾಠವೇ?

ಮುಂಬಯಿಯ ಅನೇಕ ಕಾಲೇಜುಗಳಲ್ಲಿ ಪಾಠವೆಂದರೆ ಇಂದಿಗೂ ನೋಟ್ಸ್ ಬರೆಸುವುದೇ. ಅಧ್ಯಾಪಕರು ಹಳೆಯ ಟಿಪ್ಪಣಿ ಓದುತ್ತಾರೆ; ವಿದ್ಯಾರ್ಥಿಗಳು ತಲೆಯೆತ್ತದೆ ಬರೆದುಕೊಳ್ಳುತ್ತಾರೆ. ಇದನ್ನು ಪಾಠವೆನ್ನಲು ನಾವು ಒಪ್ಪುವುದಿಲ್ಲ. ನಕಲು ತೆಗೆಯಲು ಯಂತ್ರಗಳಿರುವಾಗ ಆ ಕೆಲಸಕ್ಕೆ ಎಳೆಯರ ಕೈಗಳೇಕೆ?

‘ನೂರು ಮಂದಿಯ ತರಗತಿಯಲ್ಲಿ ಬೇರೆ ದಾರಿಯೇನು?’ ಎಂಬ ಸಬೂಬು ಸಿದ್ಧವಾಗಿಯೇ ಇದೆ. ದಾರಿಯಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಲ್ಲೇ ದೊಡ್ಡ ತರಗತಿಯಲ್ಲಿ ಅದನ್ನು ಆರಂಭಿಸಿದರು. ಪಾಠದ ನಡುವೆ ಒಂದು ಪ್ರಶ್ನೆ. ಮೊದಲು ಪ್ರತಿಯೊಬ್ಬರೂ ಸ್ವತಃ ಯೋಚಿಸಿ ಉತ್ತರ ಆರಿಸಬೇಕು. ಬಳಿಕ ಪಕ್ಕದವರೊಡನೆ ಚರ್ಚಿಸಿ ಮತ್ತೊಮ್ಮೆ ಉತ್ತರಿಸಬೇಕು. ಕೊನೆಗೆ ಅಧ್ಯಾಪಕರ ವಿವರಣೆ. ಇದಕ್ಕೆ ಸಲಕರಣೆ ಬೇಕಿಲ್ಲ, ಎತ್ತಿದ ಕೈಗಳೇ ಸಾಕು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮ ಮಕ್ಕಳು ಇಂಗ್ಲಿಷಿಗೆ ಅಂಜಿ ತುಂಬಿದ ತರಗತಿಯಲ್ಲಿ ಬಾಯಿ ಬಿಡರು. ತಿಳಿಯದಿದ್ದರೂ ತಲೆಯಾಡಿಸುತ್ತಾರೆ. ಪಕ್ಕದವರೊಡನೆ ಬಂದ ಭಾಷೆಯಲ್ಲಿ ಮಾತಾಡುವ ಆ ಎರಡು ನಿಮಿಷವೇ ಅವರಿಗೆ ದೊಡ್ಡ ಆಸರೆ.

ಅಧ್ಯಾಪಕ ಬಂಧುಗಳೇ, ಟಿಪ್ಪಣಿಯನ್ನು ಮೊದಲೇ ಹಂಚಿಬಿಡಿ; ತರಗತಿಯ ಹೊತ್ತನ್ನು ಪ್ರಶ್ನೆಗೆ ಮೀಸಲಿಡಿ. ‘ಪೋರ್ಷನ್ ಮುಗಿಯಬೇಡವೇ?’ ಎನ್ನುವಿರಾದರೆ ನಾವು ಕೇಳುವುದಿಷ್ಟೇ: ಮುಗಿಯುವುದು ಯಾರ ಪಾಲಿಗೆ? ನಿಮ್ಮ ಪಾಲಿಗೋ, ಕಲಿಯಬೇಕಾದವರ ಪಾಲಿಗೋ?