ಕಬ್ಬಿಣದ ಚಕ್ರ ರಸ್ತೆಗೆ ಯಾಕೆ ಬರುತ್ತದೆ? ಮೈಸೂರು ಜಿಲ್ಲಾಧಿಕಾರಿಯವರಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರೇ,

ಮುಂಗಾರು ಹಿಡಿದು ನಾಲೆಗಳಿಗೆ ನೀರು ಹರಿಯುವ ಹೊತ್ತಿಗೆ ನಮ್ಮ ರಾಜ್ಯದ ಭತ್ತದ ಸೀಮೆಗಳಲ್ಲಿ ಒಂದು ಎಚ್ಚರಿಕೆ ಹೊರಡುವುದು ವಾಡಿಕೆ. ಕೇಜ್ ವೀಲ್ ಎಂಬ ಕಬ್ಬಿಣದ ಚಕ್ರ ಹಾಕಿದ ಟ್ರ್ಯಾಕ್ಟರ್ ಡಾಂಬರು ರಸ್ತೆಗೆ ಇಳಿದರೆ ಕ್ರಮ ಜರುಗಿಸಲಾಗುವುದು ಎಂದು. ರಾಯಚೂರು, ಕೊಪ್ಪಳ, ದಾವಣಗೆರೆ, ಮಂಡ್ಯ ಯಾವ ಕಡೆಯ ಪತ್ರಿಕೆ ತೆಗೆದರೂ ಆ ಮಾತು ಕಣ್ಣಿಗೆ ಬೀಳುತ್ತದೆ. ನಾಲ್ಕು ದಿನ ಪೊಲೀಸರು ಟ್ರ್ಯಾಕ್ಟರ್ ತಡೆಯುತ್ತಾರೆ, ಡ್ರೈವರು ಬೈಸಿಕೊಳ್ಳುತ್ತಾನೆ, ನಾಟಿ ಮುಗಿಯುತ್ತದೆ. ಮುಂದಿನ ವರ್ಷ ಮತ್ತೆ ಅದೇ ಚಕ್ರ, ಅದೇ ರಸ್ತೆ.

ನನ್ನ ಮನೆ ಮೈಸೂರಿನ ಚಾಮರಾಜಪುರಂನಲ್ಲಿ. ಗದ್ದೆ ನಂಜನಗೂಡು ತಾಲ್ಲೂಕಿನಲ್ಲಿ, ಕಬಿನಿ ನೀರಿನ ಆಸರೆಯಲ್ಲಿ. ಮನೆ ಮತ್ತು ಗದ್ದೆ ಎರಡೂ ಚಾಮರಾಜನಗರದ ರೈಲು ಹಾದಿಯ ಮೇಲೆಯೇ ಇರುವುದರಿಂದ ಸುಗ್ಗಿ, ನಾಟಿ ಎಂದರೆ ಚಾಮರಾಜಪುರಂ ನಿಲ್ದಾಣದಿಂದ ರೈಲು ಹತ್ತುವುದು ರೂಢಿ. ನಾಟಿಯ ಕಾಲದಲ್ಲಿ ಆ ನಿಲ್ದಾಣದಲ್ಲಿ ಒಮ್ಮೆ ನಿಂತು ನೋಡಬೇಕು. ನಂಜನಗೂಡಿನ ಕಡೆಯಿಂದ ಇಳಿಯುವವರಲ್ಲಿ ಒಬ್ಬರಾದರೂ ಗೋಣಿಚೀಲದಲ್ಲಿ ಎಣ್ಣೆ ಜಿನುಗುವ ಗೇರೋ, ಮುರಿದ ಶಾಫ್ಟೋ ಹೊತ್ತು ತಂದಿರುತ್ತಾರೆ. ಬೆಳಿಗ್ಗೆ ಬಂದವರು ಪಟ್ಟಣದ ಅಂಗಡಿಗಳನ್ನೆಲ್ಲ ತಿರುಗಿ, ಸಾಮಾನು ಸಿಕ್ಕರೆ ಸಂಜೆಗೆ ಹಿಂದಿರುಗುತ್ತಾರೆ, ಸಿಗದಿದ್ದರೆ ಬರಿಗೈಯಲ್ಲಿ. ಆ ಗೋಣಿಚೀಲಕ್ಕೂ ಹಳ್ಳಿಯ ರಸ್ತೆ ಕಿತ್ತುಹೋಗುವುದಕ್ಕೂ ನೇರ ಸಂಬಂಧವಿದೆ. ಅದನ್ನು ತಮ್ಮ ಗಮನಕ್ಕೆ ತರಲೆಂದೇ ಈ ಪತ್ರ.

ಮೊದಲು ಚಕ್ರದ ಮಾತು. ಕೆಸರು ಮಾಡುವಾಗ ರಬ್ಬರ್ ಟೈರು ಸಾಲುವುದಿಲ್ಲ. ಟೈರಿನ ಬಟನ್‌ಗಳ ನಡುವೆ ಜೇಡಿ ತುಂಬಿಕೊಂಡರೆ ಚಕ್ರ ನಿಂತಲ್ಲೇ ತಿರುಗುತ್ತದೆ, ಟ್ರ್ಯಾಕ್ಟರ್ ಹೂತುಕೊಳ್ಳುತ್ತದೆ. ಅದಕ್ಕೇ ಕಬ್ಬಿಣದ ಬಳೆಗಳ ಮೇಲೆ ಅಡ್ಡಡ್ಡಲಾಗಿ ಆ್ಯಂಗಲ್ ಪಟ್ಟಿಗಳನ್ನು ಬೆಸೆದು ಮಾಡಿದ ಪಂಜರದಂಥ ಚಕ್ರ. ಟೈರಿನ ಪಕ್ಕಕ್ಕೆ ಬೋಲ್ಟ್ ಹಾಕಿ ಸೇರಿಸುವುದು ಅರ್ಧ ಕೇಜ್. ಟೈರನ್ನೇ ಕಳಚಿ ಅದರ ಜಾಗದಲ್ಲಿ ಹಾಕುವುದು ಪೂರ್ತಿ ಕೇಜ್. ಕೆಸರಿನಲ್ಲಿ ಇದು ತೇಲಿದಂತೆ ಸಾಗುತ್ತದೆ, ಹಿಡಿತ ಬಿಡುವುದಿಲ್ಲ, ಕೂಳೆಯನ್ನು ಮಣ್ಣಿನೊಳಕ್ಕೆ ತುಳಿದು ಹದ ಮಾಡಿಕೊಡುತ್ತದೆ. ಗದ್ದೆಯಲ್ಲಿ ಇದನ್ನು ಬೇಡವೆನ್ನುವ ರೈತನಿಲ್ಲ.

ಅದೇ ಚಕ್ರ ಡಾಂಬರಿಗೆ ಬಂದಾಗ ಏನಾಗುತ್ತದೆಂದು ಬಗ್ಗಿ ನೋಡಿದರೆ ತಿಳಿಯುತ್ತದೆ. ಸುಮಾರು ಎರಡು ಟನ್ ತೂಕದ ಯಂತ್ರದ ಹಿಂಭಾರವೆಲ್ಲ ಆ ಕ್ಷಣಕ್ಕೆ ನೆಲ ಮುಟ್ಟಿದ ಒಂದೆರಡು ಪಟ್ಟಿಗಳ ಅಂಚಿನ ಮೇಲೆ ಕೂರುತ್ತದೆ. ನಮ್ಮ ಎಷ್ಟೋ ಗ್ರಾಮೀಣ ರಸ್ತೆಗಳ ಮೇಲ್ಪದರ ಬರೀ 20 ಮಿಲಿಮೀಟರ್ ದಪ್ಪದ ಡಾಂಬರು-ಜಲ್ಲಿ. ಪಟ್ಟಿಯ ಅಂಚು ಅದನ್ನು ಗೀರುವುದಿಲ್ಲ, ಕಚ್ಚಿ ಎಬ್ಬಿಸುತ್ತದೆ. ಗೇಣು ಗೇಣಿಗೊಂದು ಗಾಯ, ರಸ್ತೆಯ ಉದ್ದಕ್ಕೂ ಎರಡು ಸಾಲು. ಆಮೇಲೆ ಬೀಳುವ ಮಳೆ ಆ ಬಿರುಕಿನಿಂದ ಕೆಳಗಿನ ಜಲ್ಲಿಗೆ ಇಳಿಯುತ್ತದೆ. ದೀಪಾವಳಿಯ ಹೊತ್ತಿಗೆ ಅದು ಗುಂಡಿ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ ಗುತ್ತಿಗೆದಾರ ಐದು ವರ್ಷ ನಿರ್ವಹಣೆ ಮಾಡಬೇಕೆಂಬ ಕರಾರಿದೆ. ಆದರೆ ಚಕ್ರದ ಗುರುತು ಕಂಡ ಗುತ್ತಿಗೆದಾರನಿಗೆ ನೆಪ ಸಿಕ್ಕಂತೆ, ಹೊಣೆ ಟ್ರ್ಯಾಕ್ಟರಿನವನ ತಲೆಗೆ ಹೋಗುತ್ತದೆ. ಸ್ಕೂಲಿಗೆ ಸೈಕಲ್ ತುಳಿಯುವ ಹುಡುಗಿ, ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೋಗುವ ಬೈಕಿನವನು ಇವರ ಚಕ್ರ ಆ ಗಾಯದ ಸಾಲಿಗೆ ಸಿಕ್ಕಿದರೆ ಹ್ಯಾಂಡಲ್ ಕೈಯಲ್ಲಿ ಉಳಿಯುವುದಿಲ್ಲ. ಕತ್ತಲಾದ ಮೇಲೆ ಇನ್ನೂ ಕಷ್ಟ. ಟೈರಿನ ಆಚೆಗೆ ಚಾಚಿಕೊಂಡ ಕಪ್ಪು ಕಬ್ಬಿಣ, ಹಿಂದೆ ದೀಪವಿಲ್ಲ, ಕೆಂಪು ಪಟ್ಟಿಯೂ ಇಲ್ಲ. ಎದುರಿನಿಂದ ಬರುವವನು ಟ್ರ್ಯಾಕ್ಟರಿನ ಅಗಲವನ್ನು ಅದರ ಹೆಡ್‌ಲೈಟಿನಿಂದ ಅಳೆಯುತ್ತಾನೆ, ಹೊಡೆತ ಅದರ ಹೊರಗಿರುವ ಚಕ್ರದಿಂದ ಬೀಳುತ್ತದೆ.

ಚಕ್ರದ ಅಪಾಯ ರಸ್ತೆಗಷ್ಟೇ ಸೀಮಿತವಲ್ಲ, ನಡೆಸುವವನಿಗೂ ಇದೆ. ಈ ಮಾತು ಯಾವ ಪ್ರಕಟಣೆಯಲ್ಲೂ ಇರುವುದಿಲ್ಲ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆಳದ ಕೆಸರಿನಲ್ಲಿ ಹಿಂದಿನ ಚಕ್ರ ಹೂತು ಕಚ್ಚಿಕೊಂಡಾಗ ಡ್ರೈವರು ಎಕ್ಸಲರೇಟರ್ ಒತ್ತಿ ಕ್ಲಚ್ ಬಿಡುತ್ತಾನೆ. ಚಕ್ರ ತಿರುಗಲು ಜಾಗವಿಲ್ಲ, ಎಂಜಿನ್ನಿನ ಬಲಕ್ಕೆ ಬೇರೆ ದಾರಿಯಿಲ್ಲ. ಆಗ ಚಕ್ರದ ಬದಲು ಟ್ರ್ಯಾಕ್ಟರೇ ಹಿಂದಿನ ಅಚ್ಚಿನ ಸುತ್ತ ತಿರುಗುತ್ತದೆ. ಮೂತಿ ಮೇಲೆದ್ದು ಹಿಂದಕ್ಕೆ ಮಗುಚಲು ಎರಡು ಸೆಕೆಂಡೂ ಬೇಡ. ಹಾರಿ ತಪ್ಪಿಸಿಕೊಳ್ಳುವಷ್ಟು ಹೊತ್ತೇ ಅಲ್ಲ ಅದು. ಹೂತ ಚಕ್ರಕ್ಕೆ ಮರದ ದಿಮ್ಮಿ ಅಡ್ಡ ಕಟ್ಟಿ ಎಬ್ಬಿಸುವ ಪದ್ಧತಿ ನಮ್ಮಲ್ಲಿದೆ, ಆ ದಿಮ್ಮಿ ಚಕ್ರವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಿಡುವುದರಿಂದ ಅಪಾಯ ದುಪ್ಪಟ್ಟು. ಸ್ವೀಡನ್ ದೇಶ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಡ್ರೈವರನ ಸುತ್ತ ರಕ್ಷಣೆಯ ಕಬ್ಬಿಣದ ಚೌಕಟ್ಟು ಕಡ್ಡಾಯ ಮಾಡಿ ಇಂಥ ಸಾವುಗಳನ್ನು ತಗ್ಗಿಸಿತು. ನಮ್ಮ ಕಡೆ ಬಾಡಿಗೆ ಟ್ರ್ಯಾಕ್ಟರ್ ನಡೆಸುವ ಹುಡುಗರಿಗೆ ಹಾಗೊಂದು ಚೌಕಟ್ಟು ಇದೆಯೆಂದೇ ಯಾರೂ ಹೇಳಿಲ್ಲ.

ಇನ್ನು ಕಾನೂನು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 94ನೇ ನಿಯಮದ ಪ್ರಕಾರ ರಸ್ತೆಯ ಮೇಲಿನ ಮೋಟಾರು ವಾಹನಕ್ಕೆ ಗಾಳಿ ತುಂಬಿದ ಟೈರು ಇರಲೇಬೇಕು, ರೋಡ್ ರೋಲರಿನಂಥವಕ್ಕೆ ಮಾತ್ರ ವಿನಾಯಿತಿ. ಸಾರ್ವಜನಿಕ ಆಸ್ತಿಗೆ ಹಾನಿ ಮಾಡುವುದನ್ನು ತಡೆಯಲು 1984ರ ಕಾಯ್ದೆ ಬೇರೆ ಇದೆ. ನಮ್ಮ ಬಡಾವಣೆಯ ಮಗ್ಗುಲಲ್ಲೇ ಆರ್‌ಟಿಒ ಕಚೇರಿ, ಅದರ ಹೆಸರಿನದೇ ಒಂದು ವೃತ್ತ. ಕಾನೂನಿಗೂ ಕಚೇರಿಗೂ ಕೊರತೆಯಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಯಾಕೆಂದರೆ ಕೇಳಬೇಕಾದ ಪ್ರಶ್ನೆ ಬೇರೆ. ತಪ್ಪೆಂದು ಗೊತ್ತಿದ್ದೂ ಡ್ರೈವರು ಚಕ್ರ ಬಿಚ್ಚದೆ ರಸ್ತೆಗೆ ಯಾಕೆ ಬರುತ್ತಾನೆ?

ಅವನಿಗೆ ಹೊತ್ತಿಲ್ಲ. ನಾಲೆಯ ನೀರು ಸರದಿಯ ಮೇಲೆ ಬರುತ್ತದೆ. ನೀರು ಬಂದ ವಾರ ಊರಿಗೆ ಊರೇ ಕೆಸರು ಮಾಡಬೇಕು. ಒಟ್ಲಿನಲ್ಲಿ ಪೈರು ಮೂರು ವಾರ ದಾಟಿ ಬಲಿತರೆ ನಾಟಿಯಾದ ಮೇಲೆ ತೆಂಡೆ ಒಡೆಯುವುದು ಕಡಿಮೆಯಾಗುತ್ತದೆ, ಇಳುವರಿ ಅಲ್ಲೇ ಹೋಯಿತು. ಇರುವ ಒಂದೆರಡು ಟ್ರ್ಯಾಕ್ಟರುಗಳಿಗೆ ಹತ್ತಾರು ಮನೆಯವರ ಕರೆ. ಬಾಡಿಗೆ ಗಂಟೆಯ ಲೆಕ್ಕ. ಪೂರ್ತಿ ಕೇಜ್ ಕಳಚಿ ಟೈರು ಹಾಕಬೇಕೆಂದರೆ ಜಾಕ್ ಬೇಕು, ಇಬ್ಬರು ಆಳು ಬೇಕು, ಭಾರದ ಹಿಂಟೈರನ್ನು ಹೊರಳಿಸಿ ತರಬೇಕು. ಮೈಲಿ ದೂರದ ಇನ್ನೊಂದು ಗದ್ದೆಗೆ ಹೋಗಿ ಅದನ್ನೆಲ್ಲ ಮತ್ತೆ ಬಿಚ್ಚಬೇಕು. ಆ ಹೊತ್ತಿನ ಬಾಡಿಗೆಯನ್ನು ಯಾವ ರೈತ ಕೊಡುತ್ತಾನೆ? ಹಾಗಾಗಿ ಅವನು ಚಕ್ರದ ಸಮೇತ ಡಾಂಬರಿನ ಮೇಲೆ ಖಣಖಣ ಸದ್ದು ಮಾಡುತ್ತ ಹೊರಟುಬಿಡುತ್ತಾನೆ. ಆ ಅದುರಾಟಕ್ಕೆ ಅವನದೇ ಯಂತ್ರದ ಬೋಲ್ಟು ಸಡಿಲವಾಗಿ, ಬೇರಿಂಗ್ ಸವೆದು, ಅಚ್ಚಿನ ಆಯಿಲ್ ಸೀಲ್ ಕಿತ್ತುಬರುತ್ತದೆ. ಅವನಿಗೂ ಅದು ಗೊತ್ತು.

ಊರಿನಲ್ಲಿ ಟ್ರ್ಯಾಕ್ಟರುಗಳಿಗೆ ಇಷ್ಟು ಬರ ಯಾಕೆ ಎಂದರೆ, ಮನೆ ಮನೆಯ ಪವರ್ ಟಿಲ್ಲರುಗಳು ಕೊಟ್ಟಿಗೆಯಲ್ಲಿ ಕೆಟ್ಟು ನಿಂತಿರುತ್ತವೆ. ಗೋಣಿಚೀಲದ ಮಾತು ಎತ್ತಿದ್ದು ಇದಕ್ಕೇ. ಕೃಷಿ ಇಲಾಖೆ ರೈತ ಸಂಪರ್ಕ ಕೇಂದ್ರಗಳ ಮೂಲಕ ಸಾಮಾನ್ಯ ವರ್ಗದ ರೈತರಿಗೆ ಶೇ 50ರಷ್ಟು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90ರವರೆಗೆ ಸಹಾಯಧನ ಕೊಟ್ಟು ಯಂತ್ರ ಕೊಡಿಸುತ್ತದೆ. ನಿಜಕ್ಕೂ ದೊಡ್ಡ ಕೆಲಸ, ಸಣ್ಣ ಹಿಡುವಳಿಯವರ ಕೈಗೆ ಯಂತ್ರ ಬಂದದ್ದೇ ಹೀಗೆ. ಆದರೆ ಕೊಡಿಸಿದ ಮೇಲೆ ಯಂತ್ರದ ಆರೋಗ್ಯ ವಿಚಾರಿಸುವವರಿಲ್ಲ. ನಮ್ಮ ಮನೆಯ ಟಿಲ್ಲರ್ ಸರಿಯಾಗಿ ಕೆಸರಿನ ನಡುವೆಯೇ ನಿಂತಿತು. ಸೀಲ್ ಹರಿದು ಕೆಸರುನೀರು ಗೇರ್‌ಬಾಕ್ಸಿಗೆ ನುಗ್ಗಿತ್ತು. ಬಿರಡೆ ಬಿಚ್ಚಿದಾಗ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿ ಸುರಿಯಿತು. ಕೊಟ್ಟ ಏಜೆನ್ಸಿಯವರನ್ನು ಕೇಳಿದರೆ ಸಾಮಾನು ಬೆಂಗಳೂರಿನಿಂದ ಬರಬೇಕು ಎಂದರು. ವಾರಂಟಿ ಕೇಳಿದರೆ ಕೆಸರುನೀರು ಹೋಗಿರುವುದರಿಂದ ಅನ್ವಯಿಸುವುದಿಲ್ಲ ಎಂಬ ಉತ್ತರ. ಕೆಸರುಗದ್ದೆಗೆಂದೇ ಮಾರಿದ ಯಂತ್ರಕ್ಕೆ ಕೆಸರು ತಗುಲಿದ್ದೇ ಅಪರಾಧ! ಸಾಮಾನು ಬರುವಷ್ಟರಲ್ಲಿ ನಮ್ಮ ಸರದಿಯ ನೀರು ಮುಗಿಯುವುದರಲ್ಲಿತ್ತು. ಕೊನೆಗೆ ಬಾಡಿಗೆ ಟ್ರ್ಯಾಕ್ಟರೇ ಗತಿಯಾಯಿತು. ಅದು ಬಂದದ್ದು ಪಕ್ಕದೂರಿನಿಂದ, ಕೇಜ್ ಚಕ್ರದ ಮೇಲೆ, ಡಾಂಬರು ರಸ್ತೆಯಲ್ಲೇ. ಇದು ನಮ್ಮೊಬ್ಬರ ಮನೆಯ ಕಥೆಯಲ್ಲ, ನಾಲೆಯ ಬಯಲಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಹಿಡಿತಕ್ಕೆಂದು ಹಾಕಿದ ಕಬ್ಬಿಣ ರಸ್ತೆ ಕೆಡಿಸುವ ಕಷ್ಟವನ್ನು ಹೊರಗಿನ ಜಗತ್ತೂ ಕಂಡಿದೆ. ಅಮೆರಿಕದ ಮಿನೆಸೋಟದಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್ ಎಂಬ ವಾಹನವಿದೆ. ಗಟ್ಟಿ ಮಂಜಿನಲ್ಲಿ ಜಾರದಿರಲೆಂದು ಅದರ ರಬ್ಬರ್ ಪಟ್ಟಿಗೆ ಉಕ್ಕಿನ ಮೊಳೆ ಹೊಡೆಸುತ್ತಾರೆ. ಆ ಮೊಳೆಗಳು ಡಾಂಬರು ಹಾದಿಗಳನ್ನು ಕೆತ್ತಿಹಾಕತೊಡಗಿದಾಗ ಅಲ್ಲಿನ ಸರ್ಕಾರ ಡಾಂಬರು ಹಾಕಿದ ಸಾರ್ವಜನಿಕ ಹಾದಿಗಳಲ್ಲಿ ಮೊಳೆಪಟ್ಟಿ ನಿಷೇಧಿಸಿತು, ಬೇರೆಡೆ ಬಿಟ್ಟಿತು. ಜಪಾನಿನ ಸೆಂಡೈ ನಗರದ್ದು ಇನ್ನೂ ಹತ್ತಿರದ ಪಾಠ. ಚಳಿಗಾಲದಲ್ಲಿ ಕಾರುಗಳ ಮೊಳೆಟೈರು ರಸ್ತೆಯನ್ನು ಅರೆದು ಅರೆದು ಊರೆಲ್ಲ ದೂಳಾಯಿತು. ಜನ ದೂರು ಕೊಟ್ಟರು, 1990ರಲ್ಲಿ ಆ ದೂಳು ತಡೆಯಲೆಂದೇ ಕಾನೂನು ಬಂತು. ಅಲ್ಲಿ ನಿಷೇಧ ನಿಂತದ್ದು ದಂಡದ ಭಯವೊಂದರಿಂದಲ್ಲ. ಮೊಳೆಯಿಲ್ಲದೆ ಮಂಜಿನಲ್ಲಿ ಹಿಡಿತ ಕೊಡುವ ಟೈರು ಅಷ್ಟರಲ್ಲಿ ಅಂಗಡಿಗೆ ಬಂದಿತ್ತು. ಬೇಡವೆನ್ನುವ ಹೊತ್ತಿಗೆ ಬದಲಿಯೂ ಕೈಗೆ ಸಿಗುತ್ತಿತ್ತು. ನಮ್ಮಲ್ಲಿ ಬೇಡವೆಂಬ ಅರ್ಧ ಮಾತ್ರ ಇದೆ.

ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ತಾವೇ ಅಧ್ಯಕ್ಷರು. ಲೋಕೋಪಯೋಗಿ, ಸಾರಿಗೆ, ಪೊಲೀಸ್, ಕೃಷಿ, ನೀರಾವರಿ ಇವೆಲ್ಲವನ್ನೂ ಒಂದು ಮೇಜಿಗೆ ಕರೆಯಬಲ್ಲವರು ಜಿಲ್ಲೆಯಲ್ಲಿ ಬೇರೆ ಯಾರೂ ಇಲ್ಲ. ಆದ್ದರಿಂದ ಕೇಳುತ್ತಿದ್ದೇನೆ.

ಸಹಾಯಧನದಡಿ ಯಂತ್ರ ಮಾರುವ ಪ್ರತಿ ಕಂಪನಿಯೂ ನಾಟಿಯ ತಿಂಗಳುಗಳಲ್ಲಿ ತಾಲ್ಲೂಕು ಕೇಂದ್ರದಲ್ಲಿ ಬಿಡಿಭಾಗ ಇಟ್ಟುಕೊಂಡಿರಬೇಕು ಎಂಬ ಷರತ್ತು ಹಾಕಿಸಿ. ಆಯಿಲ್ ಸೀಲ್, ಬೇರಿಂಗ್, ಬೆಲ್ಟ್, ಕ್ಲಚ್ ಪ್ಲೇಟ್ ಇಷ್ಟಿದ್ದರೆ ಮುಕ್ಕಾಲು ಕೆಲಸ ನಡೆಯುತ್ತದೆ. ಕರೆದರೆ ಗದ್ದೆಗೇ ಬರುವ ಮೆಕ್ಯಾನಿಕ್ ಒಬ್ಬ ಹೋಬಳಿಗಿರಲಿ. ರೈತರ ದೂರನ್ನು ರೈತ ಸಂಪರ್ಕ ಕೇಂದ್ರದಲ್ಲಿ ಬರೆದಿಡಲಿ, ಆ ಪುಸ್ತಕ ನೋಡಿ ಮುಂದಿನ ವರ್ಷ ಯಾವ ಕಂಪನಿಗೆ ಪಟ್ಟಿಯಲ್ಲಿ ಜಾಗ ಎಂದು ತೀರ್ಮಾನವಾಗಲಿ. ಸರ್ಕಾರದ ದುಡ್ಡಿನಲ್ಲಿ ವ್ಯಾಪಾರ ಮಾಡುವವರಿಗೆ ಇದು ಹೆಚ್ಚಿನ ಬೇಡಿಕೆಯೇನಲ್ಲ. ಟಿಲ್ಲರುಗಳು ಓಡಿದರೆ ಟ್ರ್ಯಾಕ್ಟರುಗಳ ಮೇಲಿನ ಒತ್ತಡ ತಾನಾಗಿ ಇಳಿಯುತ್ತದೆ.

ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಚಕ್ರ ಸಾಗಿಸಲು ಟ್ರೇಲರು, ಜಾಕ್ ಬಾಡಿಗೆಗೆ ಸಿಗಲಿ. ಬೇಗ ಬಿಚ್ಚಿ ಹಾಕಬಹುದಾದ ಅರ್ಧ ಕೇಜ್‌ಗೆ ಪ್ರೋತ್ಸಾಹ ಸಿಗಲಿ. ರಸ್ತೆ ದಾಟಲೇಬೇಕಾದ ಕಡೆ, ನಾಲೆಯ ಸೇತುವೆಗಳ ಬಳಿ, ಲೋಕೋಪಯೋಗಿ ಇಲಾಖೆಯವರು ಕಾಂಕ್ರೀಟಿನ ಅಡ್ಡಪಟ್ಟಿ ಹಾಕಿಕೊಡಲಿ, ಗದ್ದೆಗೆ ಇಳಿಯುವಲ್ಲಿ ಮಣ್ಣಿನ ಇಳಿಜಾರು ಮಾಡಿಕೊಡಲಿ. ನೀರಾವರಿ ಇಲಾಖೆಯ ಸರದಿ ಪಟ್ಟಿ ಕೃಷಿ ಇಲಾಖೆಗೆ ಮೊದಲೇ ತಲುಪಿದರೆ ಯಂತ್ರಗಳನ್ನು ಊರಿಂದೂರಿಗೆ ಗಡಿಬಿಡಿಯಿಲ್ಲದೆ ಕಳಿಸಬಹುದು. ಡ್ರೈವರುಗಳಿಗೆ ಹೋಬಳಿ ಮಟ್ಟದಲ್ಲಿ ಒಂದು ದಿನದ ತರಬೇತಿ ಆಗಲಿ, ಹೂತ ಟ್ರ್ಯಾಕ್ಟರನ್ನು ಇನ್ನೊಂದರಿಂದ ಎಳೆಸುವುದು ಹೇಗೆ, ದಿಮ್ಮಿ ಯಾಕೆ ಕಟ್ಟಬಾರದು ಎಂದು ಗದ್ದೆಯಲ್ಲೇ ತೋರಿಸಲಿ.

ಇಷ್ಟಾದ ಮೇಲೂ ಕಬ್ಬಿಣದ ಚಕ್ರ ಡಾಂಬರಿಗೆ ಬಂದರೆ ದಂಡ ಹಾಕಿ, ಖಂಡಿತ ಹಾಕಿ. ಆದರೆ ದಿನಗೂಲಿಯ ಡ್ರೈವರಿಗಲ್ಲ, ಮಾಲೀಕನಿಗೆ ಹಾಕಿ. ಮಾಲೀಕ ಪಂಚಾಯಿತಿ ಸದಸ್ಯನಾಗಿರಲಿ, ಗುತ್ತಿಗೆದಾರನಾಗಿರಲಿ, ಒಂದೇ ದಂಡ ಇರಲಿ. ಒಬ್ಬನಿಗೆ ಬಿಟ್ಟರೆ ಊರೆಲ್ಲ ಬಿಟ್ಟಂತೆ.

ಕಬಿನಿ ತುಂಬುವುದು ಕೇರಳದ ವಯನಾಡಿನ ಮಳೆಯಿಂದ, ಮಳೆ ಜೋರಾದರೆ ಜಲಾಶಯ ತುಂಬಲು ಹೆಚ್ಚು ದಿನ ಹಿಡಿಯುವುದಿಲ್ಲ. ನೀರು ಬಿಟ್ಟ ಮೇಲೆ ಕರೆಯುವ ಸಭೆಯಿಂದ ಪ್ರಯೋಜನವಿಲ್ಲ, ಆಗ ಯಾರಿಗೂ ಕೇಳಿಸಿಕೊಳ್ಳಲು ಪುರಸೊತ್ತಿರುವುದಿಲ್ಲ. ನಾಲೆಗೆ ನೀರು ಬಿಡುವ ದಿನಾಂಕ ಪ್ರಕಟವಾಗುವ ಮೊದಲೇ ತಾವು ಈ ಸಭೆ ಕರೆಯಬೇಕು, ರೈತರನ್ನೂ ಟ್ರ್ಯಾಕ್ಟರ್ ಡ್ರೈವರುಗಳನ್ನೂ ಆ ಮೇಜಿನ ಮುಂದೆ ಕೂರಿಸಬೇಕು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಚಾಮರಾಜಪುರಂನ ನಿವಾಸಿ, ಕಬಿನಿ ಬಯಲಿನ ಒಬ್ಬ ಭತ್ತದ ಬೆಳೆಗಾರ